ಪತ್ತನಾಜೆಯಿಂದ ಚೌತಿಯ ತನಕ: ಅಟ್ಟದಲ್ಲಿ ಮಳೆಗಾಲ ಕಳೆದ ಒಂದು ಬೇಸ್ ಗಿಟಾರ್

ಕರಾವಳಿಯಲ್ಲಿ ವಾದ್ಯದವರ ವರ್ಷಕ್ಕೆ ಎರಡೇ ಭಾಗ. ದೀಪಾವಳಿಯಿಂದ ಪತ್ತನಾಜೆಯ ತನಕ ಬಿಡುವಿಲ್ಲದ ಕೆಲಸ. ಮೇ ಕೊನೆಯಲ್ಲಿ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಆಟ, ಉತ್ಸವಗಳು ನಿಲ್ಲುವ ದಿನ, ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ರಸಮಂಜರಿ ತಂಡಗಳೂ ಸಾಮಾನು ಕಟ್ಟಿಡುತ್ತವೆ. ಮತ್ತೆ ವಾದ್ಯ ಹೊರಗೆ ಬರುವುದು ಚೌತಿಗೆ. ನಡುವಿನ ಮೂರು ತಿಂಗಳು ಬರೀ ಮಳೆ.

ನಾನು ಗಿಟಾರ್ ರಿಪೇರಿ ಮಾಡುವವನು. ನುಡಿಸುವಾಗ ಹಾಳಾಗಿ ನನ್ನ ಬಳಿಗೆ ಬರುವ ವಾದ್ಯ ಕಡಿಮೆ. ಈ ಮೂರು ತಿಂಗಳು ಸುಮ್ನೆ ಇಟ್ಟು ಹಾಳಾದದ್ದೇ ಜಾಸ್ತಿ. ಅಂಥ ಒಂದು ಬೇಸ್ ಗಿಟಾರಿನ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ವಾದ್ಯದ ಹುಡುಗನ ಒಪ್ಪಿಗೆ ಕೇಳಿದ್ದೇನೆ. ಅವನ ಹೆಸರು, ಊರು, ತಂಡ ಯಾವುದೂ ಇಲ್ಲಿ ಬರುವುದಿಲ್ಲ. ಇಪ್ಪತ್ತಾರರ ಪ್ರಾಯ, ಹಗಲು ಒಂದು ಕಡೆ ಲೆಕ್ಕ ಬರೆಯುವ ಕೆಲಸ, ಸಂಜೆ ಬೇಸ್. ಅಷ್ಟು ಗೊತ್ತಿದ್ದರೆ ಸಾಕು.

ಗಿಟಾರ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ನಾಲ್ಕು ತಂತಿ, ಮೇಪಲ್ ಮರದ ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತು), ಅದರ ಮೇಲೆ ಬೀಟೆ ಮರದ ಫ್ರೆಟ್‌ಬೋರ್ಡ್, ಅಂದರೆ ಬೆರಳು ಒತ್ತುವ ಹಲಗೆ. ಅದರಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆಗಳೇ ಫ್ರೆಟ್. ನಮ್ಮ ಪಶ್ಚಿಮ ಘಟ್ಟದ ಬೀಟೆ ಹೊರದೇಶಕ್ಕೆ ಹೋಗಿ ಗಿಟಾರಾಗಿ ವಾಪಸು ಬರುವುದು ಹೊಸತೇನಲ್ಲ. ಒಳಗೆ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ, ಸದ್ದಿನ ಸಿಗ್ನಲ್ ಏರಿಸುವ ಪ್ರೀಆಂಪ್.

ಮುಂದಿನ ಕಥೆ ಅರ್ಥವಾಗಲು ನೆಕ್‌ನ ಒಂದು ವಿಷಯ ಗೊತ್ತಿರಬೇಕು. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಿತು. ಅದರ 34 ಇಂಚಿನ ತಂತಿ ಅಳತೆಯೇ ಇವತ್ತಿಗೂ ಹೆಚ್ಚಿನ ಬೇಸ್‌ಗಳಿಗೆ ರೂಢಿ. ಅಷ್ಟು ಉದ್ದದ, ಅಷ್ಟು ದಪ್ಪದ ನಾಲ್ಕು ತಂತಿಗಳನ್ನು ಶ್ರುತಿಗೆ ತಂದಾಗ ನೆಕ್ ಮೇಲೆ ಬೀಳುವ ಎಳೆತ ಸುಮಾರು 75ರಿಂದ 80 ಕಿಲೋ. ಐವತ್ತು ಕಿಲೋದ ಒಂದೂವರೆ ಅಕ್ಕಿ ಮೂಟೆ ಅನ್ನಿ. ಅದು ನೆಕ್ಕನ್ನು ಮುಂದಕ್ಕೆ ಬಗ್ಗಿಸುತ್ತದೆ. ಅದಕ್ಕೆ ಎದುರಾಗಿ ನೆಕ್ ಒಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಟ್ರಸ್ ರಾಡ್. ಅದರ ನಟ್ ಬಿಗಿ ಮಾಡಿದರೆ ನೆಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ಹಗ್ಗಜಗ್ಗಾಟದ ಎರಡು ತಂಡ ಇದ್ದ ಹಾಗೆ. ಎರಡೂ ಕಡೆಯವರು ಎಳೆಯುತ್ತಿದ್ದರೆ ನೆಕ್ ಹೆಚ್ಚುಕಡಿಮೆ ನೇರ ಇರುತ್ತದೆ. ಒಂದು ಕಡೆಯವರು ಹಗ್ಗ ಬಿಟ್ಟರೆ?

ಹುಡುಗ ಏನು ಮಾಡಿದ

ಆ ವರ್ಷದ ಕೊನೆಯ ಕಾರ್ಯಕ್ರಮ ಮೇ ಮೂರನೇ ವಾರ, ಒಂದು ಮದುವೆಯ ರಸಮಂಜರಿ. ಮೋಡ ಕವಿದ ಸಂಜೆ, ಗಾಳಿ ಇಲ್ಲ, ಮೈಯೆಲ್ಲ ಬೆವರು. ಮರುದಿನ ಹುಡುಗ ಗಿಟಾರನ್ನು ತುಂಬ ಕಾಳಜಿಯಿಂದ ಕಟ್ಟಿಟ್ಟ. ಅವನು ಅಸಡ್ಡೆ ಮಾಡಲಿಲ್ಲ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಅದೇ. ಮಾಡಿದ ಒಂದೊಂದು ಕೆಲಸಕ್ಕೂ ಅವನ ಬಳಿ ಕಾರಣ ಇತ್ತು.

ತಂತಿ ಬಿಗಿಯಾಗಿಯೇ ಬಿಟ್ಟರೆ ನೆಕ್ ಬಾಗುತ್ತದೆ ಎಂದು ತಂಡದ ಹಿರಿಯರೊಬ್ಬರು ಹೇಳಿದ್ದರು. ಹಾಗಾಗಿ ನಾಲ್ಕೂ ತಂತಿ ಪೂರ್ತಿ ಬಿಚ್ಚಿ ಸುತ್ತಿಟ್ಟ. ಮರ ಒಣಗಬಾರದು ಎಂದು ಫ್ರೆಟ್‌ಬೋರ್ಡಿಗೆ ತೆಂಗಿನೆಣ್ಣೆ ಸವರಿದ. ಗೀರು ಬೀಳದಿರಲಿ ಎಂದು ಹಳೆಯ ಹತ್ತಿ ಬೆಡ್‌ಶೀಟಿನಲ್ಲಿ ಸುತ್ತಿದ. ಹೊಸ ಹಾರ್ಡ್ ಕೇಸಿನಲ್ಲಿ ಇಟ್ಟು, ನೀರು ತಾಗದಿರಲಿ ಎಂದು ಕೇಸಿನ ಹೊರಗೆ ಪ್ಲಾಸ್ಟಿಕ್ ಕಟ್ಟಿದ. ಅಮ್ಮ ಕೇಸಿನೊಳಗೆ ನಾಲ್ಕು ನುಸಿಗುಳಿಗೆ ಹಾಕಿದರು. ಕೇಸ್ ಅಟ್ಟಕ್ಕೆ ಹೋಯಿತು, ಅಡುಗೆ ಕೋಣೆಯ ಮೇಲಿನ ಅಟ್ಟ. ಆ ಮನೆಯಲ್ಲಿ ಕೆಡಬಾರದ ಸಾಮಾನಿಗೆ ಅಜ್ಜಿಯ ಕಾಲದಿಂದಲೂ ಅದೇ ಜಾಗ.

ಅಟ್ಟದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಜ್ಜಿ ಹೇಳಿದ್ದು ಸುಳ್ಳಲ್ಲ. ಕೆಳಗೆ ಒಲೆ ಉರಿಯುತ್ತಿದ್ದ ಕಾಲದಲ್ಲಿ ಆ ಅಟ್ಟ ಊರಿನಲ್ಲೇ ಒಣ ಜಾಗ. ದಿನವಿಡೀ ಬೆಂಕಿಯ ಕಾವು, ಹೊಗೆ. ಕೊಬ್ಬರಿ, ಅಡಿಕೆ, ಬೀಜ ಎಲ್ಲ ಅಲ್ಲೇ ಉಳಿಯುತ್ತಿತ್ತು. ಈಗ ಕೆಳಗೆ ಗ್ಯಾಸ್ ಇದೆ. ಹೊಗೆ ಇಲ್ಲ, ದಿನವಿಡೀ ಕಾವೂ ಇಲ್ಲ. ಕುಕ್ಕರಿನ ಹಬೆ, ಅನ್ನದ ಗಂಜಿಯ ಹಬೆ ಮಾತ್ರ ಮೇಲೆ ಹೋಗುತ್ತದೆ. ಗ್ಯಾಸ್ ಉರಿದಾಗಲೂ ನೀರಿನ ಆವಿ ಹುಟ್ಟುತ್ತದೆ. ಅಟ್ಟ ಅದೇ, ಕೆಳಗಿನ ಅಡುಗೆ ಮಾತ್ರ ಬದಲಾಗಿದೆ. ಹೀಗೆ ಮನೆಯ ಅತಿ ಒಣ ಜಾಗ ಯಾರಿಗೂ ಗೊತ್ತಾಗದೆ ಅತಿ ತೇವದ ಜಾಗ ಆಗಿಬಿಟ್ಟಿತ್ತು.

ಎರಡು ವಿಷಯ ಅವನು ಮರೆತ. ಬ್ಯಾಟರಿ ತೆಗೆಯಲಿಲ್ಲ. ಟ್ರಸ್ ರಾಡ್ ಮುಟ್ಟಲಿಲ್ಲ.

ಟ್ರಸ್ ರಾಡಿನ ವಿಷಯದಲ್ಲಿ ತಪ್ಪು ನನ್ನದೂ ಹೌದು. ಏಪ್ರಿಲ್‌ನಲ್ಲಿ ಅವನು ಫೋನ್ ಮಾಡಿ, "ಅಣ್ಣಾ, ತಂತಿ ಸ್ವಲ್ಪ ಎತ್ತರ ಆದ ಹಾಗಿದೆ" ಎಂದಿದ್ದ. ನಾಲ್ಕು ಪ್ರಶ್ನೆ ಕೇಳಿ, ರಾಡನ್ನು ಕಾಲು ಸುತ್ತು, ಬೇಕಾದರೆ ಇನ್ನೊಂದು ಕಾಲು ಸುತ್ತು ಬಿಗಿ ಮಾಡು ಎಂದು ನಾನೇ ಹೇಳಿದೆ. ಆ ಹೊತ್ತಿಗೆ ಅದು ಸರಿಯಾದ ಸಲಹೆ. ತಂತಿ ಬಿಚ್ಚಿ ಇಡುವುದಾದರೆ ರಾಡನ್ನೂ ಸಡಿಲ ಮಾಡಬೇಕು ಎಂದು ಒಂದು ಮಾತು ಸೇರಿಸಿದ್ದರೆ ಮುಂದಿನದ್ದು ಅರ್ಧಕ್ಕರ್ಧ ತಪ್ಪುತ್ತಿತ್ತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರು ತಿಂಗಳು ರಾಡ್ ಒಂದೇ ಎಳೆಯಿತು. ಎದುರು ತಂಡವೇ ಇರಲಿಲ್ಲ.

ಕೇಸ್ ತೆರೆದ ದಿನ

ಚೌತಿಗೆ ಮೂರೂವರೆ ವಾರ ಇರುವಾಗ ಕೇಸ್ ಕೆಳಗೆ ಇಳಿಸಿದರು. ಮುಚ್ಚಳ ತೆಗೆದ ಕೂಡಲೇ ಹಳಸಿದ ಎಣ್ಣೆ ಮತ್ತು ನುಸಿಗುಳಿಗೆಯ ವಾಸನೆ. ಬೆಡ್‌ಶೀಟ್ ಮುಟ್ಟಿದರೆ ತಣ್ಣಗೆ. ಅದು ಕಟ್ಟಿದ ದಿನವೇ ಪೂರ್ತಿ ಒಣಗಿರಲಿಲ್ಲ. ಫ್ರೆಟ್‌ಬೋರ್ಡ್ ಮೇಲೆ, ಎಣ್ಣೆ ಸವರಿದ ಉದ್ದಕ್ಕೂ, ಬಿಳಿ ಬೂಷ್ಟು. ಫ್ರೆಟ್‌ಗಳ ಬುಡದಲ್ಲಿ ಹಸಿರು ಕಿಲುಬು. ಫ್ರೆಟ್ ಮಾಡುವ ಲೋಹಕ್ಕೆ ನಿಕಲ್ ಸಿಲ್ವರ್ ಎಂದು ಹೆಸರಿದ್ದರೂ ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರವೇ ಜಾಸ್ತಿ. ಕಿಲುಬು ಬರುವುದು ಅದರಿಂದ. ಬ್ಯಾಟರಿ ಸೋರಿ ಕ್ಲಿಪ್ ತಿಂದುಹೋಗಿತ್ತು. ಒಂದು ನುಸಿಗುಳಿಗೆ ವಾಲ್ಯೂಮ್ ನಾಬ್‌ಗೆ ಒತ್ತಿ ಕೂತು, ಪ್ಲಾಸ್ಟಿಕ್ ಮೆತ್ತಗಾಗಿ ಗುಳಿ ಬಿದ್ದಿತ್ತು.

ಇಲ್ಲಿಂದ ಗಡಿಬಿಡಿ ಶುರುವಾಯಿತು. ಹುಡುಗ ಬೂಷ್ಟು ಒರೆಸಿ, ಎರಡು ಸಾವಿರದ ಹತ್ತಿರ ಕೊಟ್ಟು ಹೊಸ ತಂತಿ ತಂದು ಹಾಕಿದ. ಮೊದಲ ಐದು ಫ್ರೆಟ್‌ಗಳಲ್ಲಿ ಎಲ್ಲಿ ಒತ್ತಿದರೂ ಜರ್ ಎಂಬ ಸದ್ದು. ಜರ್ ಎನ್ನುತ್ತದೆ ಅಂದರೆ ತಂತಿ ತಗ್ಗಿದೆ ಎಂದು, ತಂತಿಯ ಬುಡದ ತುದಿ ಕೂರುವ ಬ್ರಿಡ್ಜ್‌ನ ಸ್ಯಾಡಲ್ ಎತ್ತರಿಸಿದ. ಸದ್ದು ಹೋಗಲಿಲ್ಲ, ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಕೈಗೆ ಸಿಗದಷ್ಟು ಎತ್ತರವಾಯಿತು. ಈಗ ತಂತಿ ಎತ್ತರ ಇದೆಯಲ್ಲ, ಅದಕ್ಕೆ ಟ್ರಸ್ ರಾಡ್ ಬಿಗಿ ಮಾಡಬೇಕು ಎಂದು ಒಂದು ವೀಡಿಯೋದಲ್ಲಿ ನೋಡಿದ. ಏಪ್ರಿಲ್‌ನಲ್ಲಿ ನಾನು ಹೇಳಿದ್ದೂ ಅದನ್ನೇ ಅಲ್ವಾ? ಅರ್ಧ ಸುತ್ತು ಬಿಗಿ ಮಾಡಿದ.

ಆಗಲೇ ಹಿಂದಕ್ಕೆ ಬಾಗಿದ್ದ ನೆಕ್ ಇನ್ನೂ ಹಿಂದಕ್ಕೆ ಹೋಯಿತು. ಒಂದು ತಪ್ಪನ್ನು ಸರಿ ಮಾಡಲು ಮಾಡಿದ ಕೆಲಸವೇ ಮುಂದಿನ ತಪ್ಪಿಗೆ ಕಾರಣವಾಯಿತು. ಇಂಥದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೆಕ್ ಯಾವ ಕಡೆಗೆ ಬಾಗಿದೆ ಎಂದು ನೋಡದೆ, ತಂತಿಯ ಎತ್ತರ ಮಾತ್ರ ನೋಡಿ ರಾಡ್ ತಿರುಗಿಸುವುದು. ಮುಂದಕ್ಕೆ ಬಾಗಿದ ನೆಕ್‌ನಲ್ಲಿ ನಡುವಿನ ಫ್ರೆಟ್‌ಗಳ ಹತ್ತಿರ ತಂತಿ ಎತ್ತರವಾಗುತ್ತದೆ. ಹಿಂದಕ್ಕೆ ಬಾಗಿದ್ದರೆ ಮೊದಲ ಫ್ರೆಟ್‌ಗಳಲ್ಲೇ ಜರ್ ಎನ್ನುತ್ತದೆ. ಅವನ ಗಿಟಾರ್ ಎರಡನೆಯದನ್ನು ಕೂಗಿ ಹೇಳುತ್ತಿತ್ತು.

ಅಷ್ಟರಲ್ಲಿ ಎರಡು ದಿನ ಮಳೆ ಬಿಟ್ಟಿತು. ತೇವ ಹೋಗಲಿ ಎಂದು ಗಿಟಾರನ್ನು ಜಗಲಿಯ ಬಿಸಿಲಿಗೆ ಇಟ್ಟ. ಅಮ್ಮ ನೋಡಿ ಅರ್ಧ ಗಂಟೆಯಲ್ಲಿ ಒಳಗೆ ತಂದರು. ಒಳ್ಳೆಯದೇ ಆಯಿತು. ನೇರ ಬಿಸಿಲಿಗೆ ಅಂಟು ಮೆತ್ತಗಾಗುತ್ತದೆ, ಒಂದು ಬದಿ ಬೇಗ ಒಣಗಿ ಮರ ತಿರುಚಿಕೊಳ್ಳುತ್ತದೆ. ತಿರುಚಿದ ನೆಕ್ಕಿಗೆ ಟ್ರಸ್ ರಾಡಿನಲ್ಲಿ ಮದ್ದಿಲ್ಲ.

ಇನ್ನೊಂದು ಕಾಲು ಸುತ್ತು ತಿರುಗಿಸಲು ಹೋದಾಗ ನಟ್ ಗಟ್ಟಿಯಾಯಿತು. ಅಲ್ಲಿ ಅವನು ಕೈ ಬಿಟ್ಟ. ಇಡೀ ಕಥೆಯಲ್ಲಿ ಅವನು ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ ಅದು. ಬಲ ಹಾಕಿದ್ದರೆ ರಾಡ್ ತುಂಡಾಗುತ್ತಿತ್ತು ಅಥವಾ ನಟ್‌ನ ತಿರುಪಿನ ಹಲ್ಲು ಸವೆದುಹೋಗುತ್ತಿತ್ತು. ಆಮೇಲೆ ನೆಕ್ಕೇ ಬದಲಿಸಬೇಕು.

ನನ್ನ ಮೇಜಿನ ಮೇಲೆ

ಗಿಟಾರ್ ಬಂದ ದಿನ ನಾನು ರಾಡ್ ಮುಟ್ಟಲಿಲ್ಲ. ಮೊದಲು ಅಳೆದೆ. ಕೇಸಿನೊಳಗೆ ತೇವಾಂಶ ಮೀಟರ್ ಇಟ್ಟು ಒಂದು ಗಂಟೆ ಮುಚ್ಚಿದೆ: 84 ಶೇಕಡಾ. ಗಿಟಾರಿಗೆ ಹಿತವಾದದ್ದು 45ರಿಂದ 55. ನೇರವಾದ ಸ್ಟೀಲ್ ಪಟ್ಟಿಯನ್ನು ಫ್ರೆಟ್‌ಗಳ ಮೇಲೆ ಇಟ್ಟರೆ ನಡುವೆ ಕೂತು ಎರಡು ತುದಿ ಗಾಳಿಯಲ್ಲಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇದೆಯಲ್ಲ, ತೆಳು ಎಲೆಗಳದ್ದು, ಅದರಿಂದ ಅಳೆದೆ. ಪಟ್ಟಿಯನ್ನು ಸಮ ಹಿಡಿದರೆ ಒಂದೊಂದು ತುದಿಯಲ್ಲಿ ಅರ್ಧ ಮಿಲಿಮೀಟರ್ ಸಂದು. ಕಣ್ಣಿಗೆ ಏನೂ ಅಲ್ಲ ಎನಿಸುವಷ್ಟು ಸಣ್ಣದು. ಬೇಸ್ ನುಡಿಸಲು ಆಗದಷ್ಟು ದೊಡ್ಡದು.

ಆಮೇಲೆ ರಾಡ್. ಕಾಲು ಸುತ್ತು ಸಡಿಲ, ಹತ್ತು ನಿಮಿಷ ಬಿಡುವುದು, ಮತ್ತೆ ಕಾಲು ಸುತ್ತು. ಮೂರನೇ ಸಲ ಮರದೊಳಗೆ 'ಟಕ್' ಎಂದಿತು. ಹುಡುಗನ ಮುಖ ಬಿಳಚಿತು. "ಒಡೆಯಿತಾ ಅಣ್ಣಾ?" ಇಲ್ಲ, ಒಳಗೆ ಹಿಡಿದುಕೊಂಡಿದ್ದದ್ದು ಬಿಟ್ಟುಕೊಂಡಿತು. ನಟ್ ಪೂರ್ತಿ ಸಡಿಲವಾದ ಮೇಲೂ ನೆಕ್ ಹಿಂದಕ್ಕೇ ಇತ್ತು, ಬಾಗು ಅರ್ಧದಷ್ಟು ಮಾತ್ರ ಕಡಿಮೆಯಾಗಿತ್ತು. ಈ ಬಗೆಯ ರಾಡ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಹಿಂದಕ್ಕೆ ಎಳೆಯಬಲ್ಲದು, ಮುಂದಕ್ಕೆ ತಳ್ಳಲಾರದು. ಮುಂದಕ್ಕೆ ತರುವ ಕೆಲಸ ಇನ್ನು ತಂತಿಗಳದ್ದೇ.

ಇಲ್ಲಿ ಎರಡು ದಾರಿ ಇತ್ತು. ನೆಕ್ಕನ್ನು ಕ್ಲಾಂಪ್ ಹಾಕಿ ಬಿಸಿ ಮಾಡಿ ಬಗ್ಗಿಸುವುದು ಒಂದು. ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಆದರೆ ಬಿಸಿಗೆ ಫ್ರೆಟ್‌ಬೋರ್ಡಿನ ಅಂಟು ಜಾರುತ್ತದೆ, ತೇವ ತುಂಬಿದ ಮರ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳಲಾಗದು. ಇನ್ನೊಂದು, ತಂತಿಗಳನ್ನು ಶ್ರುತಿಗೆ ತಂದು, ರಾಡ್ ಸಡಿಲ ಬಿಟ್ಟು, ಕೋಣೆಯ ತೇವ ನಿಧಾನ ಇಳಿಸುತ್ತ ಕಾಯುವುದು. ಎಷ್ಟು ದಿನ ಎಂದು ಮಾತು ಕೊಡಲಾಗದು. ಚೌತಿಯ ಕಾರ್ಯಕ್ರಮಕ್ಕೆ 19 ದಿನ ಇತ್ತು. ಹುಡುಗನಿಗೆ ಮೊದಲನೆಯದು ಬೇಕಿತ್ತು. ಚೌತಿಗೆ ಯಾರದಾದರೂ ಬೇಸ್ ಕೇಳಿ ತೆಗೆದುಕೊ, ಇದನ್ನು ನನಗೆ ಬಿಡು ಎಂದೆ. ಒಂದು ರಾತ್ರಿ ಯೋಚನೆ ಮಾಡಿ ಬೆಳಿಗ್ಗೆ ಫೋನ್ ಮಾಡಿ, "ಆಯ್ತಣ್ಣ, ನೀವು ಹೇಳಿದ ಹಾಗೆ" ಎಂದ. ಮನಸ್ಸಿಲ್ಲದ ಮನಸ್ಸಿನಿಂದ ಹೇಳಿದ್ದು ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು.

ಕೋಣೆಯಲ್ಲಿ ಏಸಿಯನ್ನು ಡ್ರೈ ಮೋಡ್‌ಗೆ ಹಾಕಿ ದಿನಕ್ಕೆ ಕೆಲವೇ ಗಂಟೆ ನಡೆಸಿದೆ. ಮೊದಲ ಎರಡು ದಿನ 75ರ ಸುತ್ತ, ಆಮೇಲೆ 68, ವಾರದ ಕೊನೆಗೆ 60. ಒಂದೇ ದಿನದಲ್ಲಿ 60ಕ್ಕೆ ತರಬಹುದಿತ್ತು, ಬೇಕೆಂದೇ ತರಲಿಲ್ಲ.

ಕಾಯುವಾಗ ಬೇರೆ ಕೆಲಸ ಇದ್ದೇ ಇತ್ತು. ಬೂಷ್ಟನ್ನು ಹೊರಗೆ ಹೋಗಿ, ಮೂಗಿಗೆ ಮಾಸ್ಕ್ ಕಟ್ಟಿ ಮೆತ್ತನೆ ಬ್ರಷ್‌ನಿಂದ ತೆಗೆದೆ. ತೆಂಗಿನೆಣ್ಣೆ ಮರದ ಸಂದಿನಲ್ಲಿ ಜಿಗುಟಾಗಿ ಕೂತಿತ್ತು. ಲೈಟರಿಗೆ ತುಂಬುವ ದ್ರವದಲ್ಲಿ ಬಟ್ಟೆ ಅದ್ದಿ, ಕಿಟಕಿ ತೆರೆದಿಟ್ಟು, ನಾಲ್ಕು ಸಲ ಒರೆಸಬೇಕಾಯಿತು. ಬಟ್ಟೆ ಕಾಫಿ ಬಣ್ಣಕ್ಕೆ ತಿರುಗಿತು. ಅಡುಗೆ ಎಣ್ಣೆ ಯಾವುದೇ ಆಗಲಿ, ಮರದಲ್ಲಿ ಕೂತು ಹಳಸುತ್ತದೆ, ಧೂಳು ಹಿಡಿಯುತ್ತದೆ. ಬೀಟೆಗೆ ನಿಜವಾಗಿ ಬೇಕಾದದ್ದು ವರ್ಷಕ್ಕೊಮ್ಮೆ ಎರಡು ಮೂರು ಹನಿ ಮಿನರಲ್ ಎಣ್ಣೆ. ಅದೂ ಒಣ ಕಾಲದಲ್ಲಿ. ಮಳೆಗಾಲಕ್ಕೆ ಮುಂಚೆ ಖಂಡಿತ ಬೇಡ.

ಫ್ರೆಟ್ ಉಜ್ಜಲು ಸ್ಟೀಲ್ ವೂಲ್ ಬಳಸಲಿಲ್ಲ. ತಂತಿಯ ಅಲುಗಾಟ ಹಿಡಿಯುವ ಪಿಕಪ್‌ನಲ್ಲಿ ಅಯಸ್ಕಾಂತ ಇದೆ, ಉಕ್ಕಿನ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಮರಕ್ಕೆ ಟೇಪ್ ಅಂಟಿಸಿ ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿದೆ. ಬ್ಯಾಟರಿ ಅಗ್ಗದ ಜಿಂಕ್ ಕಾರ್ಬನ್ ಬಗೆಯದು, ಅದರ ರಸ ಆಮ್ಲ. ಅಡುಗೆ ಸೋಡಾ ಕದಡಿದ ನೀರನ್ನು ಇಯರ್ ಬಡ್‌ನಲ್ಲಿ ಮುಟ್ಟಿಸಿದಾಗ ಸಣ್ಣಗೆ ನೊರೆ ಎದ್ದಿತು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಆಲ್ಕಲೈನ್ ಬ್ಯಾಟರಿ ಆಗಿದ್ದರೆ ಸೋಡಾ ಅಲ್ಲ, ಒಂದು ಹನಿ ವಿನೆಗರ್ ಬೇಕಿತ್ತು, ಏಕೆಂದರೆ ಅದರ ರಸ ಕ್ಷಾರ. ಕ್ಲಿಪ್ ಹೊಸತು ಹಾಕಿದೆ. ಪ್ರೀಆಂಪ್ ಬೋರ್ಡಿನಲ್ಲಿ ಒಂದು ಗೆರೆ ತಿಂದುಹೋಗಿತ್ತು, ಅಲ್ಲಿ ತುಂಡು ವಯರ್ ಬೆಸೆದೆ.

ಆರನೇ ದಿನ ನೆಕ್ಕಿನಲ್ಲಿ ಏನೂ ಬದಲಾವಣೆ ಇಲ್ಲ. ಅವತ್ತು ನನಗೂ ಕೈ ತುರಿಸಿತು. ತಂತಿಗಳನ್ನು ಅರ್ಧ ಸ್ವರ ಮೇಲೆ ಏರಿಸಿದರೆ ಎಳೆತ ಜಾಸ್ತಿಯಾಗುತ್ತದಲ್ಲ ಎಂದು ಯೋಚಿಸಿ, ಕೀಲಿಗೆ ಕೈ ಹಾಕಿ, ತೆಗೆದೆ. ಒಂಬತ್ತನೇ ದಿನ ತುದಿಯ ಸಂದು 0.15 ಮಿಮೀ. ಹದಿಮೂರನೇ ದಿನ ಪಟ್ಟಿ ಎಲ್ಲ ಫ್ರೆಟ್ ಮೇಲೂ ಸಮ ಕೂತಿತು. ಹದಿನಾರನೇ ದಿನ ಬೆಳಿಗ್ಗೆ, ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದು ನೋಡಿದರೆ ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ 0.2ರ ಎಲೆ ಸಲೀಸಾಗಿ ಹೊಕ್ಕಿತು. ನೆಕ್ ಮುಂದಕ್ಕೆ ಬರತೊಡಗಿತ್ತು. ಇನ್ನೆರಡು ದಿನ ಬಿಟ್ಟು 0.3 ಆದಾಗ ರಾಡಿನ ನಟ್ಟನ್ನು ಬೆರಳಿಗೆ ತಡೆ ಸಿಗುವಷ್ಟು ಮಾತ್ರ ತಂದು ನಿಲ್ಲಿಸಿದೆ. ಸ್ಯಾಡಲ್‌ಗಳನ್ನು ಇಳಿಸಿದೆ. ಹನ್ನೆರಡನೇ ಫ್ರೆಟ್‌ನಲ್ಲಿ ಅತಿ ದಪ್ಪದ ಈ (E) ತಂತಿಯ ಎತ್ತರ 2.4 ಮಿಮೀ, ಅತಿ ತೆಳುವಾದ ಜಿ (G) ತಂತಿಯದ್ದು 1.9.

ಚೌತಿಯ ಹಿಂದಿನ ದಿನ ಗಿಟಾರ್ ಅವನ ಕೈಗೆ ಹೋಯಿತು. ಕಾರ್ಯಕ್ರಮಕ್ಕೆ ಮಾತ್ರ ಕೇಳಿ ತಂದ ಬೇಸನ್ನೇ ಒಯ್ದ. ಹೊಸದಾಗಿ ಸರಿಯಾದದ್ದನ್ನು ವೇದಿಕೆಗೆ ಒಯ್ಯುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಎಲ್ಲವೂ ಮೊದಲಿನ ಹಾಗೆ ಆಗಲಿಲ್ಲ. ಹದಿನಾಲ್ಕನೇ ಫ್ರೆಟ್ ಹತ್ತಿರ ಸಣ್ಣ ಉಬ್ಬು ಉಳಿದಿದೆ. ಜಿ ತಂತಿಯನ್ನು ಅಲ್ಲಿ ಜೋರಾಗಿ ಮೀಟಿದರೆ ಇವತ್ತಿಗೂ ಸ್ವಲ್ಪ ಜರ್ ಎನ್ನುತ್ತದೆ. ಫ್ರೆಟ್ ಅರೆದು ಸಮ ಮಾಡಬಹುದಿತ್ತು. ಒಂದು ವರ್ಷ ನೆಕ್ ಎಲ್ಲಿ ನಿಲ್ಲುತ್ತದೆ ನೋಡೋಣ, ಅರೆದದ್ದು ಮತ್ತೆ ಬರುವುದಿಲ್ಲ ಎಂದು ಬಿಟ್ಟೆವು.

ಮುಂದಿನ ಮಳೆಗಾಲ

ಮರುವರ್ಷ ಪತ್ತನಾಜೆಗೆ ನಾನೇ ಅವರ ಮನೆಗೆ ಹೋದೆ. ಜಾಗ ಹುಡುಕುವುದೇ ಮೊದಲ ಕೆಲಸ. ಮಳೆ ಹೊಡೆಯುವುದು ಪಶ್ಚಿಮದಿಂದ, ಆ ಗೋಡೆ ಬೇಡ. ನೆಲದ ಮೇಲೆ ಬೇಡ. ಅಡುಗೆ ಕೋಣೆಯ ಹತ್ತಿರವೂ ಬೇಡ. ಒಳಕೋಣೆಯ ಪೂರ್ವದ ಗೋಡೆಗೆ ಮರದ ಕಪಾಟು ಇತ್ತು. ಅದರ ಎರಡನೇ ತಟ್ಟನ್ನು ಆರಿಸಿದೆವು.

ತಂತಿ ಬಿಚ್ಚಲಿಲ್ಲ. ಒಂದು ಸ್ವರ ಇಳಿಸಿದೆವು, ಈ (E) ಇದ್ದದ್ದು ಡಿ (D), ಎ (A) ಇದ್ದದ್ದು ಜಿ (G), ಹೀಗೆ. ರಾಡ್ ಇದ್ದಲ್ಲೇ. ಶ್ರುತಿಯಲ್ಲೇ ಬಿಟ್ಟಿದ್ದರೂ ನಡೆಯುತ್ತಿತ್ತು. ನನ್ನ ಅನುಭವದಲ್ಲಿ ಮೂರು ನಾಲ್ಕು ತಿಂಗಳಿಗೆ ತಂತಿ ಪೂರ್ತಿ ತೆಗೆಯುವ ಅಗತ್ಯವೇ ಬರುವುದಿಲ್ಲ. ತೆಗೆಯಲೇಬೇಕಾದರೆ ಅದೇ ಹೊತ್ತಿಗೆ ರಾಡನ್ನೂ ಸಡಿಲ ಮಾಡಬೇಕು. ಬ್ಯಾಟರಿ ತೆಗೆದು ಡಬ್ಬಿಗೆ ಹಾಕಿದೆವು. ಬಟ್ಟೆ ಸುತ್ತಲಿಲ್ಲ, ಪ್ಲಾಸ್ಟಿಕ್ ಕಟ್ಟಲಿಲ್ಲ, ನುಸಿಗುಳಿಗೆ ಬೀರುವಿಗೆ ಹೋಯಿತು. ಕೇಸಿನೊಳಗೆ ಬಟ್ಟೆ ಚೀಲದಲ್ಲಿ 200 ಗ್ರಾಂ ನೀಲಿ ಸಿಲಿಕಾ ಜೆಲ್, ಪಕ್ಕದಲ್ಲಿ ಸಣ್ಣ ತೇವಾಂಶ ಮೀಟರ್.

ಹುಡುಗನಿಗೆ ಆ ವರ್ಷ ಬೇರೆ ಊರಿನಲ್ಲಿ ಕೆಲಸ. ಹಾಗಾಗಿ ಎಲ್ಲವನ್ನೂ ಅಮ್ಮನಿಗೆ ತೋರಿಸಿದೆ. ವಾರಕ್ಕೊಮ್ಮೆ ಕೇಸ್ ತೆರೆದು ಅಂಕಿ ನೋಡುವುದು, ತಂತಿಗಳನ್ನು ಒಣ ಬಟ್ಟೆಯಲ್ಲಿ ಒರೆಸುವುದು, ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡುವುದು. ಅದಕ್ಕೆ ಹಳೆಯ ಬಾಣಲೆ ಒಂದನ್ನು ಬೇರೆ ಮಾಡಿಟ್ಟೆವು. ನೀಲಿ ಬಣ್ಣ ಕೋಬಾಲ್ಟಿನದ್ದು, ಹೊಟ್ಟೆಗೆ ಹೋಗಬಾರದ ವಸ್ತು. ಅಡುಗೆ ಪಾತ್ರೆಯಲ್ಲಿ ಹುರಿಯಲೇಬಾರದು.

"ಇಷ್ಟೇನಾ ಮಾರಾಯ್ರೆ? ಹಪ್ಪಳದ ಡಬ್ಬ ನೋಡುವುದಕ್ಕಿಂತ ಸುಲಭ" ಎಂದರು ಅಮ್ಮ.

ಆಗಸ್ಟಿನಲ್ಲಿ ಹೋದಾಗ ಗೋಡೆಯ ಕ್ಯಾಲೆಂಡರ್ ಕೈಗೆ ಕೊಟ್ಟರು. ಹಾಲಿನ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅಂಕಿಗಳು: 56, 58, 61, 60. ಜುಲೈಯಲ್ಲಿ ಜೆಲ್ ಐದೇ ದಿನಕ್ಕೆ ಗುಲಾಬಿಯಾಗುತ್ತಿತ್ತಂತೆ, ಹಾಗಾಗಿ ವಾರಕ್ಕೆ ಎರಡು ಸಲ ಹುರಿದಿದ್ದಾರೆ. ನಡುವೆ ಹನ್ನೆರಡು ದಿನ ಖಾಲಿ. ಮಗಳ ಬಾಣಂತನಕ್ಕೆ ಹೋಗಿದ್ದರು. ಬಂದು ನೋಡಿದ ದಿನದ ಅಂಕಿ 74, ಅದರ ಕೆಳಗೆ ಎರಡು ಗೆರೆ. ಮುಂದಿನ ವಾರ 63.

ಗಿಟಾರ್ ಹೊರಗೆ ತೆಗೆದು, ಶ್ರುತಿ ಮಾಡಿ, ಫೀಲರ್ ಗೇಜ್ ಇಟ್ಟು ನೋಡಿದೆ. ಹಿಂದಿನ ವರ್ಷ 0.3, ಈಗ 0.36. ರಾಡಿಗೆ ಅರೆಕಾಲು ಸುತ್ತು ಸಾಕಾಯಿತು. ಕ್ಯಾಲೆಂಡರಿನ ಆ ಹಾಳೆ ಹರಿದು ಕೊಡಿ ಎಂದು ಕೇಳಿದೆ. ಹಾಲಿನವನ ಲೆಕ್ಕ ಇನ್ನೂ ಮುಗಿದಿಲ್ಲ ಎಂದರು. ಫೋಟೋ ತೆಗೆದುಕೊಂಡು ಬಂದೆ.